ಒಬ್ಬರ ಬದುಕಿನ ಮೂಲಕ ಹಳೇ ಕಾಲ ತೋರಿಸುವ ಪುಸ್ತಕಗಳು: ನಮ್ಮ ಹಾಸನ, ಚಿಕ್ಕಮಗಳೂರು ಕಡೆಯವು ಯಾವುವು?

ಅರಸೀಕೆರೆ ಜಂಕ್ಷನ್:
ಹಾಸನದಲ್ಲಿ ನಮ್ಮದೊಂದು ಸಣ್ಣ ಓದುವ ಗುಂಪಿದೆ. ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಈ ಸಲ ಇತಿಹಾಸ ಓದೋಣ ಅಂತ ಆಯಿತು. ಆದರೆ ರಾಜರು, ಯುದ್ಧ, ಇಸವಿ ಇಷ್ಟೇ ಇರುವ ಪುಸ್ತಕ ಹಿಡಿದರೆ ಎರಡನೇ ತಿಂಗಳಿಗೆ ಅರ್ಧ ಜನ ಬರುವುದಿಲ್ಲ. ಒಬ್ಬ ಮನುಷ್ಯನ ಅಥವಾ ಒಂದು ಮನೆಯ ಕಥೆ ಓದುತ್ತಾ ಓದುತ್ತಾ ಆ ಕಾಲ ಗೊತ್ತಾಗಬೇಕು. ಆತ್ಮಕಥೆ, ಕಾದಂಬರಿ, ಪ್ರಬಂಧ ಯಾವುದಾದರೂ ಸರಿ.

ಮೊದಲು ನನ್ನ ಕಡೆಯಿಂದ ಒಂದು: ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ (1970). ನಮ್ಮ ಚನ್ನರಾಯಪಟ್ಟಣ, ತಿಪಟೂರು ಸೀಮೆಯ ಕಥೆ. ಶಾನುಭೋಗಿಕೆ ಹೇಗೆ ನಡೆಯುತ್ತಿತ್ತು ಅಂತ ಯಾವ ಪಠ್ಯಪುಸ್ತಕವೂ ಹೇಳಿಕೊಟ್ಟಿರಲಿಲ್ಲ. ಇಲ್ಲಿ ಶಾನುಭೋಗ ಚೆನ್ನಿಗರಾಯ. ಆದರೆ ಅವನಿಗೆ ಲೆಕ್ಕ ಬರೆಯುವ ಯೋಗ್ಯತೆ ಇಲ್ಲ. ಹೆಂಡತಿ ನಂಜಮ್ಮ ಕೂತು ಬರೆಯುತ್ತಾಳೆ. ಹುದ್ದೆ ಅವನದು, ಕೈಬರಹ ಅವಳದು. ಅದೂ ಸಾಲದೆ ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳನ್ನು ಸಾಕುತ್ತಾಳೆ. ವಂಶದಿಂದ ಬರುತ್ತಿದ್ದ ಊರಿನ ಹುದ್ದೆಗಳನ್ನು ಸರ್ಕಾರ 1961ರ ಕಾಯ್ದೆಯಲ್ಲಿ ತೆಗೆದುಹಾಕಿತು. ಯಾಕೆ ತೆಗೆಯಬೇಕಾಯಿತು ಅಂತ ಈ ಕಾದಂಬರಿ ಎಲ್ಲೂ ವಾದ ಮಾಡುವುದಿಲ್ಲ. ಚೆನ್ನಿಗರಾಯ ಊಟಕ್ಕೆ ಕೂರುವ ರೀತಿ ಓದಿದರೆ ಸಾಕು.

ನನ್ನ ಅನಿಸಿಕೆ ಹೇಳಿಬಿಡುತ್ತೇನೆ, ಆಮೇಲೆ ಬೈಯಿರಿ. ಇತಿಹಾಸ ಹೇಳುತ್ತೇನೆ ಅಂತ ಹೊರಟ ಪುಸ್ತಕಕ್ಕಿಂತ ತನ್ನ ಮನೆಯ ಜಗಳ ಹೇಳಲು ಹೊರಟ ಪುಸ್ತಕದಲ್ಲೇ ಇತಿಹಾಸ ಜಾಸ್ತಿ ಸಿಗುತ್ತದೆ.

ನಿವೃತ್ತ ಮೇಷ್ಟ್ರು:
ಬೈಯುವುದಿಲ್ಲ. ಆದರೆ ಹಾಸನದವರು ಕೇಳಿದಾಗ ಗೊರೂರು ರಾಮಸ್ವಾಮಿ ಅಯ್ಯಂಗಾರರ ಹೆಸರು ಮೊದಲು ಬರಬೇಕಿತ್ತು. ‘ಹಳ್ಳಿಯ ಚಿತ್ರಗಳು’ ಬಂದದ್ದು 1930ರಲ್ಲಿ. ಅಲ್ಲಿ ಜಗಳವೂ ಕಡಿಮೆ, ಗೋಳೂ ಕಡಿಮೆ. ಹೊಳೆ, ಜಾತ್ರೆ, ಬೆಸ್ತರ ಕರಿಯ, ಊರಿನ ಹರಟೆಮಲ್ಲರು. ನಗಿಸುತ್ತಲೇ ಒಂದು ಊರಿನಲ್ಲಿ ಯಾರು ಯಾರ ಮನೆ ಜಗಲಿ ಹತ್ತುತ್ತಿದ್ದರು, ಯಾರು ಅಂಗಳದಲ್ಲೇ ನಿಲ್ಲುತ್ತಿದ್ದರು ಅನ್ನುವುದನ್ನೆಲ್ಲ ದಾಟಿಸಿಬಿಡುತ್ತಾರೆ.

ಗೊರೂರರು ಹುಟ್ಟಿದ್ದು 1904ರಲ್ಲಿ, ತೀರಿಕೊಂಡದ್ದು 1991ರಲ್ಲಿ. ಹೇಮಾವತಿ ಅಣೆಕಟ್ಟು ಮುಗಿದದ್ದು 1979ರಲ್ಲಿ, ಅವರ ಊರಿನ ಬಗಲಲ್ಲೇ. ಅಂದರೆ ಯಾವ ಹೊಳೆಯ ಬಗ್ಗೆ ಬರೆದರೋ ಆ ಹೊಳೆಗೆ ಗೋಡೆ ಎದ್ದದ್ದನ್ನೂ ನೋಡಿದರು. ಇವತ್ತು ಗೊರೂರಿಗೆ ಹೋಗುವವರಲ್ಲಿ ಹೆಚ್ಚಿನವರು ಡ್ಯಾಮ್ ನೋಡಲು ಹೋಗುತ್ತಾರೆ. ಪುಸ್ತಕ ಓದಿಕೊಂಡು ಹೋದರೆ ಬೇರೆಯೇ ಊರು ಕಾಣುತ್ತದೆ.

ಬಾಳೆಹೊನ್ನೂರು ಹುಡುಗಿ:
ಮೇಷ್ಟ್ರೇ, ಗೊರೂರು ನನಗೂ ಇಷ್ಟ. ಆದರೆ ಅವರ ಹಳ್ಳಿಯಲ್ಲಿ ಎಲ್ಲರೂ ಸ್ವಲ್ಪ ಜಾಸ್ತಿಯೇ ಒಳ್ಳೆಯವರು ಅಂತ ನಿಮಗೆ ಅನ್ನಿಸಲಿಲ್ವಾ? ಹೆಚ್ಚುಕಡಿಮೆ ಅದೇ ಸೀಮೆ, ಅದೇ ಕಾಲ. ಗೊರೂರರ ಊರಿನಿಂದ ನಂಜಮ್ಮನ ಊರಿಗೆ ಬಂದರೆ ಉಸಿರು ಕಟ್ಟುತ್ತದೆ. ಎರಡೂ ನಿಜ ಹೇಗೆ ಆಗುತ್ತವೆ?

ನಿವೃತ್ತ ಮೇಷ್ಟ್ರು:
ಯಾಕಾಗಬಾರದಮ್ಮ? ಒಬ್ಬರು ಜಗಲಿಯಲ್ಲಿ ಕೂತು ಬರೆದರು, ಇನ್ನೊಬ್ಬರು ಅಡುಗೆಮನೆಯಲ್ಲಿ. ಜಗಲಿಯ ಮೇಲೆ ಯಾವ ಕಾಲದಲ್ಲೂ ಗಂಡಸರು ನಗುತ್ತಲೇ ಇರುತ್ತಾರೆ.

ಬಾಳೆಹೊನ್ನೂರು ಹುಡುಗಿ:
ಇದನ್ನು ಒಪ್ಪಿದೆ 😄

ಹಾಗಾದರೆ ‘ಗೃಹಭಂಗ’ವನ್ನು ಒಂಟಿಯಾಗಿ ಓದಬೇಡಿ. ಭೈರಪ್ಪನವರ ಆತ್ಮಕಥೆ ‘ಭಿತ್ತಿ’ (1996) ಜೊತೆಗೆ ಇಟ್ಟುಕೊಳ್ಳಿ. ಅವರ ಊರು ಸಂತೆಶಿವರ. ಚಿಕ್ಕ ವಯಸ್ಸಿನಲ್ಲೇ ಪ್ಲೇಗು ಅವರ ಮನೆಯವರನ್ನು ಕೊಂಡೊಯ್ದಿತು. ಕಾದಂಬರಿಯಲ್ಲೂ ನಂಜಮ್ಮನ ಮಗಳು ಪಾರ್ವತಿ, ಮಗ ರಾಮಣ್ಣ ಪ್ಲೇಗಿನಲ್ಲಿ ಹೋಗುತ್ತಾರೆ. ಇಲಿ ಬಿದ್ದವು ಅಂತ ಗೊತ್ತಾದರೆ ಊರಿಗೆ ಊರೇ ಮನೆ ಬಿಟ್ಟು ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿತ್ತು. ನಮ್ಮ ಕಡೆ ವಯಸ್ಸಾದವರನ್ನು ಕೇಳಿದರೆ ಅವರ ಅಪ್ಪ ಅಮ್ಮ ಹೇಳಿದ ಇಂಥ ಕಥೆ ಇನ್ನೂ ಸಿಗುತ್ತದೆ.

ನನಗೆ ವಿಚಿತ್ರ ಅನ್ನಿಸಿದ್ದು ಇದು. ಆತ್ಮಕಥೆಯಲ್ಲಿ ಓದಿದ್ದಕ್ಕಿಂತ ಕಾದಂಬರಿಯಲ್ಲಿ ಓದಿದ್ದೇ ಹೆಚ್ಚು ನಿಜ ಅನ್ನಿಸಿತು. ಆತ್ಮಕಥೆಯಲ್ಲಿ ಹುಡುಗ ಬದುಕಿ ಉಳಿದು ದೊಡ್ಡ ಮನುಷ್ಯನಾಗುತ್ತಾನೆ ಅಂತ ಮೊದಲೇ ಗೊತ್ತಿರುತ್ತದೆ. ಕಾದಂಬರಿಯಲ್ಲಿ ಅಂಥ ಭರವಸೆ ಇಲ್ಲ. ಆ ಕಾಲದಲ್ಲಿ ಬದುಕಿದವರಿಗೂ ಇರಲಿಲ್ಲ.

ಕಾಫಿ ಕಣ:
ಎಲ್ಲರೂ ಬಯಲುಸೀಮೆಯಲ್ಲೇ ನಿಂತುಬಿಟ್ಟಿರಿ. ಸ್ವಲ್ಪ ಘಟ್ಟದ ಕಡೆ ಬನ್ನಿ. ರಾಬರ್ಟ್ ಎಲಿಯಟ್ ಅನ್ನುವ ಸ್ಕಾಟ್ಲೆಂಡಿನ ಪ್ಲಾಂಟರ್ 1850ರ ದಶಕದಲ್ಲಿ ಮಂಜರಾಬಾದ್ ಸೀಮೆಯಲ್ಲಿ, ಅಂದರೆ ಈಗಿನ ಸಕಲೇಶಪುರದ ಕಡೆ ತೋಟ ಮಾಡಿದ. 1894ರಲ್ಲಿ ‘ಗೋಲ್ಡ್, ಸ್ಪೋರ್ಟ್ ಅಂಡ್ ಕಾಫಿ ಪ್ಲಾಂಟಿಂಗ್ ಇನ್ ಮೈಸೂರ್’ ಅಂತ ಪುಸ್ತಕ ಬರೆದ. ಹಳೇ ಪುಸ್ತಕ, ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ.

ಹುಲಿ ಬೇಟೆಯ ಭಾಗ ಹಾರಿಸಿ ಓದಿ, ಅದು ಬೇಕಾದಷ್ಟಿದೆ. ನೆರಳಿನ ಮರ ಯಾವುದು ಇರಬೇಕು, ಗೊಬ್ಬರ ಎಷ್ಟು, ಕಾಂಡಕೊರಕ ಬಂದಾಗ ಏನಾಯಿತು ಅನ್ನುವ ಕಡೆ ಅವನು ನಮ್ಮಂತೆಯೇ ಗೊಣಗುತ್ತಾನೆ. ನಾನು ಬೋರರ್ ಬಂದ ಗಿಡ ಕಿತ್ತು ಸುಡುವವನು. ಸುಮಾರು ನೂರೈವತ್ತು ವರ್ಷದ ಹಿಂದೆ ಅದೇ ಹುಳಕ್ಕೆ ಅದೇ ಬೈಗುಳ ಬಿದ್ದದ್ದು ಓದಿ ಒಂದು ಥರಾ ಸಮಾಧಾನ ಆಯಿತು.

ಕೊಪ್ಪದ ಸೊಸೆ:
ಕಾಫಿ ಕಣ ಅವರೇ, ಎಲಿಯಟ್ ತೋಟದಲ್ಲಿ ಗುಂಡಿ ತೆಗೆದವರು ಯಾರು ಅಂತ ಆ ಪುಸ್ತಕದಲ್ಲಿ ಗೊತ್ತಾಗುತ್ತದಾ?

ಕಾಫಿ ಕಣ:
ಆಳುಗಳು ಬರುತ್ತಾರೆ. ಕೂಲಿ, ಜಾತಿ ಎಲ್ಲದರ ಬಗ್ಗೆ ಅವನಿಗೆ ಅಭಿಪ್ರಾಯ ಇದೆ. ಜಾತಿ ಪದ್ಧತಿಯಿಂದ ಒಳ್ಳೆಯದೂ ಇದೆ ಅಂತ ಒಂದು ಅಧ್ಯಾಯವನ್ನೇ ಬರೆದಿದ್ದಾನೆ. ಆದರೆ ನೀವು ಕೇಳುವ ಅರ್ಥದಲ್ಲಿ, ಇಲ್ಲ.

ಕೊಪ್ಪದ ಸೊಸೆ:
ಅದೇ ನನ್ನ ತಕರಾರು. ನಮ್ಮ ಕಡೆ ತೋಟದ ಲೈನ್ ಮನೆಗಳಲ್ಲಿ, ಅಂದರೆ ಆಳುಗಳ ಸಾಲುಮನೆಗಳಲ್ಲಿ, ತಲೆಮಾರುಗಳೇ ಹುಟ್ಟಿ ಬೆಳೆದು ಹೋದವು. ಘಟ್ಟದ ಕೆಳಗಿನಿಂದ ಬಂದವರು, ತಮಿಳುನಾಡಿನಿಂದ ಬಂದವರು. ಮುಂಗಡ ಕೊಟ್ಟು ಕರೆತರುತ್ತಿದ್ದ ಮೇಸ್ತ್ರಿ, ಹಾಜರಿ ಹಾಕುತ್ತಿದ್ದ ರೈಟರ್. ಇದು ಇತಿಹಾಸ ಅಲ್ವಾ? 1974ರಲ್ಲಿ ಉಳುವವನೇ ಹೊಲದೊಡೆಯ ಅಂತ ಭೂಸುಧಾರಣೆ ಬಂದಾಗಲೂ ಒಬ್ಬರಿಗೆ ಇಷ್ಟೇ ಜಮೀನು ಅನ್ನುವ ಭೂಮಿತಿ ಕಾಫಿ ತೋಟಕ್ಕೆ ತಟ್ಟಲಿಲ್ಲ. ಆ ವರ್ಷ ಲೈನ್ ಮನೆಯಲ್ಲಿ ಕೂತವರು ಪಕ್ಕದ ಗದ್ದೆಯ ಗೇಣಿದಾರರನ್ನು ನೋಡಿ ಏನಂದುಕೊಂಡರು? ಈ ಒಂದು ಪ್ರಶ್ನೆಗೆ ಉತ್ತರ ಕೊಡುವ ಪುಸ್ತಕ ಇದ್ದರೆ ಹೇಳಿ, ನಾಳೆಯೇ ಕೊಳ್ಳುತ್ತೇನೆ.

ಈವರೆಗೆ ನಾನು ಓದಿದ್ದರಲ್ಲಿ ಹತ್ತಿರ ಬಂದದ್ದು ‘ಮಲೆಗಳಲ್ಲಿ ಮದುಮಗಳು’ (1967). ಕುವೆಂಪು ಹುಟ್ಟಿದ್ದು ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ಆ ಅಭಿಮಾನದಿಂದ ಹೇಳುತ್ತಿಲ್ಲ. ಕಥೆ ನಡೆಯುವುದು ವಿವೇಕಾನಂದರು ಚಿಕಾಗೋದಲ್ಲಿದ್ದ ಕಾಲದಲ್ಲಿ, 1893ರ ಆಸುಪಾಸು. ಅತ್ತ ಅಷ್ಟು ದೊಡ್ಡ ಭಾಷಣ ಆಗುತ್ತಿದೆ. ಇತ್ತ ಗುತ್ತಿ ಅನ್ನುವ ಜೀತದ ಆಳು ತನ್ನ ನಾಯಿ ಹುಲಿಯನನ್ನು ಕಟ್ಟಿಕೊಂಡು ಹೆಣ್ಣು ಹಾರಿಸಿಕೊಂಡು ಬರಲು ಕಾಡಿನಲ್ಲಿ ನಡೆಯುತ್ತಿದ್ದಾನೆ. ಘಟ್ಟದ ತಗ್ಗಿನಿಂದ ಬಂದ ಐತ, ಪಿಂಚಲು ಇದ್ದಾರಲ್ಲ, ಅವರಿಬ್ಬರ ಪ್ರೀತಿಗೆ ಅಷ್ಟು ಪುಟ ಕೊಟ್ಟ ಕಾದಂಬರಿ ಇನ್ನೊಂದಿಲ್ಲ. ಗುತ್ತಿಯನ್ನು ಬಿಟ್ಟು ಮಲೆನಾಡಿನ ಚರಿತ್ರೆ ಬರೆದರೆ ಅದು ಹೆಗ್ಗಡೆಯವರ ಮನೆಯ ಚರಿತ್ರೆ ಅಷ್ಟೇ.

ಅರಸೀಕೆರೆ ಜಂಕ್ಷನ್:
ಅಕ್ಕಾ, ಇದೇ ದಾರಿಯಲ್ಲಿ ಸಿದ್ಧಲಿಂಗಯ್ಯನವರ ‘ಊರು ಕೇರಿ’ ಸೇರಿಸಬಹುದು. ನಮ್ಮ ಜಿಲ್ಲೆಯದಲ್ಲ, ಮಾಗಡಿ ಕಡೆಯದು. ಎತ್ತಿನ ಜಾಗದಲ್ಲಿ ತನ್ನ ಅಪ್ಪ ಮತ್ತು ಇನ್ನೊಬ್ಬರು ನೊಗ ಹೊತ್ತದ್ದನ್ನು ಹುಡುಗ ನೋಡುತ್ತಾನೆ. ಅಂಥದ್ದನ್ನು ಹೇಳುವ ಪುಸ್ತಕ ಪೂರ್ತಿ ನಗಿಸುತ್ತದೆ. ಅಳು ಬರುವ ಜಾಗದಲ್ಲೂ ಅವರು ಅಳುವುದಿಲ್ಲ, ನಮ್ಮನ್ನೂ ಅಳಲು ಬಿಡುವುದಿಲ್ಲ.

ಮೂಡಿಗೆರೆ ಮಳೆ:
ಕುವೆಂಪು ಬಂದಮೇಲೆ ತೇಜಸ್ವಿ ಬರಲೇಬೇಕು. ಕುವೆಂಪು ಅವರ ‘ನೆನಪಿನ ದೋಣಿಯಲ್ಲಿ’ ಓದಿ, ಆಮೇಲೆ ತೇಜಸ್ವಿಯ ‘ಅಣ್ಣನ ನೆನಪು’ ಓದಿ, ಆಮೇಲೆ ರಾಜೇಶ್ವರಿ ಅವರ ‘ನನ್ನ ತೇಜಸ್ವಿ’ ಓದಿ. ಅಪ್ಪ, ಮಗ, ಸೊಸೆ. ಒಂದೇ ಮನೆಯ ಮೂರು ಪುಸ್ತಕ.

ದೋಣಿಯಲ್ಲಿ ಕುವೆಂಪು ದೊಡ್ಡ ಕವಿಯಾಗುತ್ತಿದ್ದಾರೆ. ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದ ಹುಡುಗನಿಗೆ ಐರಿಷ್ ಕವಿ ಜೇಮ್ಸ್ ಕಸಿನ್ಸ್ ನಿನ್ನ ಭಾಷೆಯಲ್ಲಿ ಬರಿ ಅಂತ ಹೇಳುತ್ತಾರೆ. ಮಗನ ಪುಸ್ತಕಕ್ಕೆ ಬಂದರೆ ಅದೇ ಮಹಾಕವಿ ಮಕ್ಕಳ ತಂಟೆ ಸಹಿಸಿಕೊಳ್ಳುವ ಅಪ್ಪ. ಸೊಸೆಯ ಪುಸ್ತಕದಲ್ಲಿ ಮೂಡಿಗೆರೆಯ ತೋಟ, ಮಳೆ, ಮನೆಗೆ ಬರುವ ಜನ. 1966ರಲ್ಲಿ ತೇಜಸ್ವಿ, ರಾಜೇಶ್ವರಿ ಇವರ ಮದುವೆ ಮಂತ್ರಮಾಂಗಲ್ಯದ ರೀತಿಯಲ್ಲಿ, ಅಂದರೆ ಪುರೋಹಿತರಿಲ್ಲದೆ ಸರಳವಾಗಿ, ನಮ್ಮ ಮೂಡಿಗೆರೆಯಲ್ಲೇ ಆಯಿತು. ಇವತ್ತು ಮಂತ್ರಮಾಂಗಲ್ಯದ ಬಗ್ಗೆ ಭಾಷಣ ಮಾಡುವವರು ತುಂಬಾ ಜನ. ಹಾಗೆ ಮದುವೆಯಾದ ಹೆಣ್ಣುಮಗಳು ಆಮೇಲೆ ದಿನ ಹೇಗೆ ಕಳೆದಳು ಅನ್ನುವುದು ಅವಳೇ ಬರೆದರೆ ಮಾತ್ರ ಗೊತ್ತಾಗುತ್ತದೆ.

ದೊಡ್ಡವರ ಹೆಂಡತಿಯರು ಬರೆದ ಪುಸ್ತಕಗಳನ್ನೇ ಒಂದು ಪಟ್ಟಿ ಮಾಡಿ. ಲಂಕೇಶರ ‘ಹುಳಿಮಾವಿನ ಮರ’ ಓದಿದವರು ಇಂದಿರಾ ಲಂಕೇಶರ ‘ಹುಳಿಮಾವು ಮತ್ತು ನಾನು’ ಓದಲೇಬೇಕು. ಗಂಡ ಎರಡು ಸಾಲಿನಲ್ಲಿ ದಾಟಿದ್ದನ್ನು ಹೆಂಡತಿ ನಿಧಾನವಾಗಿ ಹೇಳುತ್ತಾಳೆ.

ನಿವೃತ್ತ ಮೇಷ್ಟ್ರು:
ಡಿ.ವಿ.ಜಿ. ಅವರ ‘ಜ್ಞಾಪಕ ಚಿತ್ರಶಾಲೆ’ ಮತ್ತು ನವರತ್ನ ರಾಮರಾಯರ ‘ಕೆಲವು ನೆನಪುಗಳು’ ಬಿಟ್ಟುಬಿಟ್ಟಿರಲ್ಲ. ರಾಮರಾಯರು ಮೈಸೂರು ಸಂಸ್ಥಾನದಲ್ಲಿ ಅಮಲ್ದಾರರು, ಅಂದರೆ ತಾಲ್ಲೂಕಿನ ಅಧಿಕಾರಿ, ಆಗಿದ್ದವರು. ಕಚೇರಿಯ ಕಡೆಯಿಂದ ರೈತ ಹೇಗೆ ಕಾಣುತ್ತಿದ್ದ ಅಂತ ತಿಳಿಯಬೇಕಾದರೆ ಅದು ಓದಿ. ಕನ್ನಡವೂ ಸೊಗಸು.

ಬೇಲೂರಿನವಳು:
ಎಲ್ಲ ನೂರು, ನೂರೈವತ್ತು ವರ್ಷದೊಳಗಿನದೇ ಆಯಿತು. ನಾನು ಒಂಬೈನೂರು ವರ್ಷ ಹಿಂದೆ ಹೋಗುತ್ತೇನೆ. ಬೇಲೂರಿಗೆ ಬರುವವರೆಲ್ಲ ಕೇಳುವುದು ಹೊಯ್ಸಳರ ರಾಣಿ ಶಾಂತಲೆಯ ಕಥೆ. ಅವರು ಕೇಳಿಕೊಂಡು ಬಂದಿರುವುದು ಹೀಗೆ: ಮಕ್ಕಳಿಲ್ಲ ಅಂತ ನೊಂದು ಶಿವಗಂಗೆ ಬೆಟ್ಟದಿಂದ ಹಾರಿದಳು. ಅಲ್ಲಿ ಹಾರಿದ ಜಾಗ ಅಂತ ತೋರಿಸುತ್ತಾರೆ ಕೂಡ.

ಇದರ ಮೇಲೆ ಕನ್ನಡದಲ್ಲಿ ಎರಡು ದೊಡ್ಡ ಕಾದಂಬರಿಗಳಿವೆ. ಒಂದು ಕೆ. ವಿ. ಅಯ್ಯರ್ ಅವರ ‘ಶಾಂತಲಾ’. ಅಯ್ಯರ್ ಬೆಂಗಳೂರಿನ ಹೆಸರಾಂತ ವ್ಯಾಯಾಮ ಪಟು, ಗರಡಿಯ ಮನುಷ್ಯ ಇಂಥ ಮೃದು ಪುಸ್ತಕ ಬರೆದದ್ದು ನನಗೆ ಇಂದಿಗೂ ಆಶ್ಚರ್ಯ. ಇನ್ನೊಂದು ಸಿ. ಕೆ. ನಾಗರಾಜರಾಯರ ‘ಪಟ್ಟಮಹಾದೇವಿ ಶಾಂತಲದೇವಿ’ (1978), ದಪ್ಪ ದಪ್ಪ ಸಂಪುಟಗಳು. ಮೂರ್ತಿದೇವಿ ಪ್ರಶಸ್ತಿ ಬಂತು. ಶಾಸನಗಳನ್ನು ಪಕ್ಕದಲ್ಲಿಟ್ಟುಕೊಂಡು ಬರೆದ ಪುಸ್ತಕ.

ಎರಡನ್ನೂ ಓದಿ, ಬೇಡ ಅನ್ನುವುದಿಲ್ಲ. ಆದರೆ ನನ್ನ ಮಟ್ಟಿಗೆ ಎರಡಕ್ಕಿಂತ ದೊಡ್ಡ ಕಥೆ ಶ್ರವಣಬೆಳಗೊಳದ ಕಲ್ಲಿನಲ್ಲಿದೆ. ಶಾಂತಲೆ 1123ರಲ್ಲಿ ಅಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದಳು. ಆ ಹೆಸರು ಅವಳ ಬಿರುದು, ಸವತಿಯರ ಪಾಲಿಗೆ ಮದದಾನೆ ಅಂತ. ಅಪ್ಪ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನಳು. ಗಂಡ ವಿಷ್ಣುವರ್ಧನ 1117ರಲ್ಲಿ ಬೇಲೂರಿನಲ್ಲಿ ಚೆನ್ನಕೇಶವನನ್ನು ನಿಲ್ಲಿಸಿದವನು. ಒಂದೇ ಮನೆಯಲ್ಲಿ ಮೂರು ದೇವರು, ಜೊತೆಗೆ ಸವತಿಯರು. 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು ಅಂತ ಶಾಸನ ಹೇಳುತ್ತದೆ. ಹಾರಿದ ಮಾತಿಲ್ಲ.

ಆಮೇಲೆ ಬರುವುದು ತಾಯಿ. ಮಗಳು ಹೋದಮೇಲೆ ತಾನು ಇರಲಾರೆ ಅಂತ ಮಾಚಿಕಬ್ಬೆ ಬೆಳಗೊಳಕ್ಕೆ ಬಂದಳು. ಸಲ್ಲೇಖನ, ಅಂದರೆ ಜೈನರ ಉಪವಾಸ ವ್ರತ, ಕೈಗೊಂಡು ಪ್ರಾಣ ಬಿಟ್ಟಳು. ಇದೂ ಕಲ್ಲಿನಲ್ಲಿ ಬರೆದಿದೆ. ನೂರಾರು ಜನ ಶಾಂತಲೆಯ ನಾಟ್ಯದ ಬಗ್ಗೆ ಕೇಳಿದ್ದಾರೆ. ಅವಳ ತಾಯಿಯ ಬಗ್ಗೆ ಒಬ್ಬರೂ ಕೇಳಿಲ್ಲ. ಶ್ರವಣಬೆಳಗೊಳದ ಶಾಸನಗಳನ್ನು ಲೂಯಿಸ್ ರೈಸ್ 1889ರಲ್ಲಿ ಪ್ರಕಟಿಸಿದರು, ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿ ತಂದರು. ನಿಮ್ಮ ಗುಂಪು ಒಂದು ತಿಂಗಳು ಪುಸ್ತಕದ ಬದಲು ಈ ಒಂದು ಶಾಸನ ಓದಲಿ.

ಅರಸೀಕೆರೆ ಜಂಕ್ಷನ್:
ಮೇಡಂ, ಒಪ್ಪಿಗೆ ಇದೆ, ಒಂದು ಅನುಮಾನವೂ ಇದೆ. ಶಾಸನ ಬರೆಸಿದವರು ಹೊಗಳಲಿಕ್ಕೇ ಬರೆಸುತ್ತಾರೆ. ಅಲ್ಲಿ ಎಲ್ಲ ರಾಣಿಯರೂ ಸಕಲಕಲಾವಲ್ಲಭೆಯರು, ಎಲ್ಲ ದಂಡನಾಯಕರೂ ಶತ್ರುಗಳಿಗೆ ಸಿಂಹ. ಅದನ್ನು ವೈಯಕ್ತಿಕ ಬದುಕು ಅಂತ ಹೇಗೆ ತೆಗೆದುಕೊಳ್ಳುವುದು?

ಬೇಲೂರಿನವಳು:
ಹೊಗಳಿಕೆ ಬಿಟ್ಟು ಓದಬೇಕು. ಆಮಂತ್ರಣ ಪತ್ರಿಕೆಯಲ್ಲಿ ಸುಖಾಗಮನ ಬಯಸುವ ಸಾಲು ಬಿಟ್ಟು ಯಾರ ಹೆಸರು ಯಾರ ಕೆಳಗಿದೆ ಅಂತ ನಮ್ಮ ಅತ್ತೆಯಂದಿರು ನೋಡುತ್ತಾರಲ್ಲ, ಹಾಗೆ.

ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಹತ್ತಿರ ಒಂದು ಕಂಬ ಇದೆ. ಎರಡನೇ ಬಲ್ಲಾಳನ ಗರುಡ ಕುವರ ಲಕ್ಷ್ಮನದು. ಗರುಡ ಅಂದರೆ ದೊರೆಯ ಜೊತೆಗೇ ಸಾಯುತ್ತೇನೆ ಅಂತ ಮಾತು ಕೊಟ್ಟವನು. ಅವನ ಹೆಂಡತಿ ಸುಗ್ಗಲದೇವಿ, ಅವನ ಜೊತೆಗಾರರು ಎಲ್ಲರೂ ಪ್ರಾಣ ಕೊಟ್ಟರು. ಕಂಬದ ಮೇಲೆ ಕತ್ತಿ ಹಿಡಿದು ತಮ್ಮ ತಲೆ ತಾವೇ ಕತ್ತರಿಸಿಕೊಳ್ಳುವ ಜನರ ಕೆತ್ತನೆ ಇದೆ. ಮುಖ್ಯ ದೇವಸ್ಥಾನ ನೋಡಿ ಸುಸ್ತಾದವರು ಅದರ ಪಕ್ಕದಲ್ಲೇ ನಡೆದುಹೋಗುತ್ತಾರೆ. ಹೊಗಳಿಕೆಯ ಸಾಲು ಎಷ್ಟೇ ಇರಲಿ, ಅಲ್ಲಿ ಸುಗ್ಗಲದೇವಿಯನ್ನು ಯಾರಾದರೂ ಕೇಳಿದ್ದರಾ ಅಂತ ಅನ್ನಿಸದೆ ಇರುವುದಿಲ್ಲ. ಕಾದಂಬರಿ ಬೇಕಿರುವುದು ಇಲ್ಲಿ. ಶಾಂತಲೆಗೆ ಆಗಲೇ ಸಾಕಷ್ಟಾಗಿದೆ.

ಹೇಮಾವತಿ ತೀರದವ:
ಮೇಷ್ಟ್ರು ಡ್ಯಾಮಿನ ಮಾತು ಎತ್ತಿದರು, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮದು ಮುಳುಗಡೆಯಾದ ಊರು. ಶೆಟ್ಟಿಹಳ್ಳಿ ಚರ್ಚ್ ಎಲ್ಲರಿಗೂ ಗೊತ್ತು. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿದ್ದು. ಈಗ ಮಳೆಗಾಲದಲ್ಲಿ ನೀರೊಳಗೆ, ಬೇಸಿಗೆಯಲ್ಲಿ ಹೊರಗೆ. ಮದುವೆಗೆ ಮುಂಚಿನ ಫೋಟೋ ತೆಗೆಸಲು ಜೋಡಿಗಳು ಬರುತ್ತವೆ. ಅಲ್ಲಿ ಬ್ಯಾಪ್ಟಿಸಂ ಆದವರು, ಸುತ್ತಲಿನ ಊರುಗಳಲ್ಲಿ ಗದ್ದೆ ಮಾಡಿದವರು ಇನ್ನೂ ಬದುಕಿದ್ದಾರೆ. ಅವರಲ್ಲಿ ಒಬ್ಬರ ಕಥೆಯೂ ಪುಸ್ತಕವಾಗಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ನಮ್ಮ ಅಜ್ಜಿ ಪರಿಹಾರದ ದುಡ್ಡು, ಜಮೀನು ಇವುಗಳ ಬಗ್ಗೆ ಮಾತಾಡಿದ್ದು ಕಡಿಮೆ. ಹೊಸ ಊರಿಗೆ ಬಂದಮೇಲೆ ಅಕ್ಕಪಕ್ಕದವರು ಬದಲಾದರು, ಹೆರಿಗೆಗೆ ಕರೆಯಲು ಗೊತ್ತಿರುವ ಸೂಲಗಿತ್ತಿ ಇರಲಿಲ್ಲ ಅನ್ನುವುದನ್ನೇ ಮತ್ತೆ ಮತ್ತೆ ಹೇಳುತ್ತಿದ್ದರು. ಎಕರೆ ಲೆಕ್ಕ ಸರ್ಕಾರದ ಕಡತದಲ್ಲಿದೆ. ಸೂಲಗಿತ್ತಿಯ ಲೆಕ್ಕ ಎಲ್ಲಿದೆ?

ಕೊಪ್ಪದ ಸೊಸೆ:
ಅಣ್ಣಾ, ಅಜ್ಜಿಯ ಮಾತು ಯಾರಾದರೂ ರೆಕಾರ್ಡ್ ಮಾಡಿದ್ದೀರಾ?

ಹೇಮಾವತಿ ತೀರದವ:
ಅಜ್ಜಿ ಈಗಿಲ್ಲ. ಅವರ ತಂಗಿ ಇದ್ದಾರೆ, ನೆನಪು ಗಟ್ಟಿ. ಆದರೆ ಫೋನ್ ಮುಂದೆ ಹಿಡಿದರೆ ಮಾತೇ ನಿಲ್ಲಿಸಿಬಿಡುತ್ತಾರೆ. ಇಲ್ಲವೇ ಟಿವಿಯವರ ಥರಾ ಶುದ್ಧ ಭಾಷೆಗೆ ಇಳಿಯುತ್ತಾರೆ.

ಕೊಪ್ಪದ ಸೊಸೆ:
ಪ್ರಶ್ನೆ ಕೇಳಬೇಡಿ. ಅವರೆಕಾಯಿ ಸುಲಿಯಲು ಕೂರಿಸಿ, ನೀವೂ ಕೂತುಕೊಳ್ಳಿ. ಹಾಸನದವರಿಗೆ ಇದನ್ನು ನಾನು ಹೇಳಿಕೊಡಬೇಕಾ? ನಮ್ಮ ಅತ್ತೆ ತೋಟದ ಖರ್ಚಿನ ಪುಸ್ತಕ ಇಟ್ಟಿದ್ದರು. ಅದರಲ್ಲಿ ಯಾವ ವರ್ಷ ಕಾಫಿ ಹೂ ಅರಳಿಸುವ ಹೂಮಳೆ ಯಾವಾಗ ಬಿತ್ತು, ಕಾಫಿ ಬೋರ್ಡಿನಿಂದ ಕಂತು ಯಾವಾಗ ಬಂತು, ಯಾರಿಗೆ ಎಷ್ಟು ಮುಂಗಡ ಎಲ್ಲ ಇದೆ. ಆಗ ಬೆಳೆದ ಕಾಫಿಯನ್ನೆಲ್ಲ ಬೋರ್ಡಿಗೇ ಕೊಡಬೇಕಿತ್ತು, ದುಡ್ಡು ಕಂತುಕಂತಾಗಿ ಬರುತ್ತಿತ್ತು. ಸುಮ್ನೆ ಎದುರಿಗೆ ಇಟ್ಟು ಈ ಹೆಸರು ಯಾರದು ಅತ್ತೆ ಅಂದರೆ ಸಾಕು, ಮಧ್ಯಾಹ್ನ ಪೂರ್ತಿ ಕಥೆ. ಲೈನ್ ಮನೆಯವರ ಹೆಸರು ನಾನು ಮೊದಲು ಕೇಳಿದ್ದು ಆ ಪುಸ್ತಕದಿಂದಲೇ. ಅದರಲ್ಲಿ ಸಾಲದ ಪಕ್ಕದಲ್ಲಿ ಬಾಣಂತನ, ಮದುವೆ, ಜಾತ್ರೆ ಅಂತ ಕಾರಣವನ್ನೂ ಬರೆದಿದ್ದಾರೆ.

ಕಾಫಿ ಕಣ:
ಮೇಡಂ, ಎಲಿಯಟ್ ಪುಸ್ತಕಕ್ಕಿಂತ ನಿಮ್ಮ ಅತ್ತೆಯ ಪುಸ್ತಕವೇ ಓದುವಂತಿದೆ. ನಮ್ಮ ಮನೆಯಲ್ಲೂ ಆಳುಗಳ ಹಾಜರಿ, ಕೂಲಿ ಬರೆದ ಹಳೇ ಚೆಕ್‌ರೋಲ್ ಕಟ್ಟುಗಳು ಅಟ್ಟದ ಮೇಲೆ ಇದ್ದವು. ಗೆದ್ದಲು ಬಿಟ್ಟಿದ್ದರೆ ಇಳಿಸಿ ನೋಡುತ್ತೇನೆ.

ಬಾಳೆಹೊನ್ನೂರು ಹುಡುಗಿ:
ಬಾನು ಮುಷ್ತಾಕ್ ಅವರ ಹೆಸರು ಯಾರೂ ಹೇಳಲಿಲ್ಲ, ಅದೂ ಹಾಸನದ ಚರ್ಚೆಯಲ್ಲಿ! 2025ರ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಎಲ್ಲರೂ ಫೋಟೋ ಹಾಕಿಕೊಂಡಿರಿ. ಕಥೆ ಎಷ್ಟು ಜನ ಓದಿದಿರಿ? ಮೂರು ದಶಕಗಳಲ್ಲಿ ಬರೆದ ಕಥೆಗಳು. ಹಳೇ ಕಾಲ ಅನ್ನಲು ಇನ್ನೂ ಬೇಗ ಆಯಿತು ಅನ್ನಬಹುದು. ಆದರೆ ತೊಂಬತ್ತರ ದಶಕದ ಮುಸ್ಲಿಂ ಮನೆಯೊಂದರ ಒಳಗೆ ಹೆಂಗಸರು ಏನು ಮಾತಾಡುತ್ತಿದ್ದರು ಅಂತ ಇನ್ನೊಂದು ಐವತ್ತು ವರ್ಷ ಬಿಟ್ಟು ಯಾರಾದರೂ ಹುಡುಕಿದರೆ ಮೊದಲು ಕೈಗೆ ಬರುವುದು ಅದೇ.

ಅರಸೀಕೆರೆ ಜಂಕ್ಷನ್:
ಸರಿ, ಗುಂಪಿನಲ್ಲಿ ಮಾತಾಡಿಯಾಯಿತು. ಮೊದಲು ‘ಗೃಹಭಂಗ’ ಮತ್ತು ‘ಹಳ್ಳಿಯ ಚಿತ್ರಗಳು’ ಒಟ್ಟಿಗೆ, ಜಗಲಿ–ಅಡುಗೆಮನೆ ಜಗಳ ಅಲ್ಲೇ ತೀರಿಸಿಕೊಳ್ಳುತ್ತೇವೆ. ಆಮೇಲೆ ಕುವೆಂಪು ಮನೆಯ ಮೂರು ಪುಸ್ತಕ. ಮಳೆಗಾಲ ಮುಗಿದ ಮೇಲೆ ಬೆಳಗೊಳಕ್ಕೆ ಹೋಗಿ ಮಾಚಿಕಬ್ಬೆಯ ಶಾಸನ, ಬೇಲೂರಿನವಳು ಬಂದು ಓದಿ ಹೇಳಬೇಕು. ಕೊಪ್ಪದ ಅಕ್ಕ ಆ ಖರ್ಚಿನ ಪುಸ್ತಕ ತಂದರೆ ಅದಕ್ಕೇ ಒಂದು ದಿನ ಇಡುತ್ತೇವೆ. ಮೇಷ್ಟ್ರೇ, ‘ಹಳ್ಳಿಯ ಚಿತ್ರಗಳು’ ನಿಮ್ಮ ಹತ್ತಿರ ಇದ್ದರೆ ಒಂದು ತಿಂಗಳು ಎರವಲು ಕೊಡುತ್ತೀರಾ?

ನಿವೃತ್ತ ಮೇಷ್ಟ್ರು:
ಇದೆ. ರಟ್ಟು ಹೋಗಿದೆ, ಪುಟ ಎಲ್ಲ ಇವೆ. ಮನೆಗೆ ಬಂದು ತೆಗೆದುಕೊಂಡು ಹೋಗಿ. ಹೆಸರು, ತಾರೀಖು ಬರೆಸಿಕೊಂಡೇ ಕೊಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.